ಅಪಘಾತದ ನಂತರದ ಗಾಡಿ: ಆಯ್ಕೆಯಲ್ಲಿ ನಿಮ್ಮ ಮಾತೂ ಇರಲಿ



ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ಹಾಲು ಕರೆಯುವುದು ಹೆಚ್ಚಾಗಿ ಹೆಂಗಸರು, ಅದನ್ನು ಡೇರಿಗೆ ಒಯ್ಯುವುದು ಹೆಚ್ಚಾಗಿ ಬೈಕು. ಮನೆ ಊರೊಳಗಿದ್ದರೆ ಕೈಯಲ್ಲೇ ಕ್ಯಾನು ಹಿಡಿದು ಹೋಗಬಹುದು. ಹೊಲದ ಮನೆಯಾದರೆ, ತಾಂಡಾದಿಂದ ಊರಿಗೆ ಬರಬೇಕಾದರೆ, ಗಾಡಿ ಇಲ್ಲದೆ ನಡೆಯುವುದಿಲ್ಲ. ಆ ಗಾಡಿ ಒಂದು ದಿನ ರಸ್ತೆಯಲ್ಲಿ ಬಿದ್ದು, ಓಡಿಸುತ್ತಿದ್ದವರು ಕಾಲು ಮುರಿದುಕೊಂಡು ಹಾಸಿಗೆ ಹಿಡಿದರೆ ಮನೆಯಲ್ಲಿ ಎರಡು ಕೆಲಸ ಒಟ್ಟಿಗೆ ನಿಲ್ಲುತ್ತವೆ: ಅವರ ದುಡಿಮೆ ಮತ್ತು ಹಾಲಿನ ಸಾಗಾಟ.

ಆಮೇಲೆ ಆಗುವುದನ್ನು ನೀವೆಲ್ಲ ನೋಡಿದ್ದೀರಿ. ನೋಡಲು ಬಂದ ಬೀಗರು, ಮೈದುನ, ಮಗ, ಮಗನ ಗೆಳೆಯರು ಮಂಚದ ಸುತ್ತ ಕೂತು ಹೊಸ ಗಾಡಿಯ ಮಾತು ತೆಗೆಯುತ್ತಾರೆ. ಯಾವ ಕಂಪನಿ, ಎಷ್ಟು ಮೈಲೇಜ್, ಯಾವ ಬಣ್ಣ, ಪಿಕಪ್ ಹೇಗೆ ಎಂದು ಚರ್ಚೆ ನಡೆಯುತ್ತದೆ. ಒಳಗಿನಿಂದ ಚಹಾ ತಂದು ಕೊಡುವ ನಿಮ್ಮನ್ನು ಮಾತ್ರ ಯಾರೂ ಕೇಳುವುದಿಲ್ಲ. ಆದರೆ ಆ ಗಾಡಿಯ ಕಂತು ಹೋಗುವುದು ನಿಮ್ಮ ಹಾಲಿನ ಬಟವಾಡೆಯಿಂದ. ಅದರ ಮೇಲೆ ಕೂರುವುದು ನಿಮ್ಮ ಹಾಲು. ಹಿಂದಿನ ಸೀಟಿನಲ್ಲಿ ಕೂರುವವರು ನೀವು.

ನಾನು ಹೇಳುವುದು ಇಷ್ಟೇ. ಅಪಘಾತದ ನಂತರ ಕೊಳ್ಳುವ ಗಾಡಿ ಹಳೆಯ ಗಾಡಿಯ ನಕಲು ಆಗಬಾರದು. ಪೆಟ್ಟು ತಿಂದ ಮೈ, ಒಯ್ಯಬೇಕಾದ ಹಾಲು, ಮುಂದೆ ಅದನ್ನು ಓಡಿಸಬೇಕಾಗಿ ಬರಬಹುದಾದ ನೀವು, ಈ ಮೂರನ್ನೂ ನೋಡಿ ಆರಿಸಬೇಕು. ಆರಿಸುವ ಜಾಗದಲ್ಲಿ ನೀವೂ ಇರಬೇಕು.

ನಮ್ಮ ರಸ್ತೆ ನಮಗೆ ಗೊತ್ತು

ಪುಣೆ-ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಸಸ್ತಾಪುರ ಬಂಗ್ಲಾ, ರಾಜೇಶ್ವರ, ಹುಮನಾಬಾದ್, ಮನ್ನಾಏಖೆಳ್ಳಿ ಮೇಲೆ ಹಾದು ಹೋಗುತ್ತದೆ. ಬೀದರಿನಿಂದ ಕಲಬುರಗಿಗೆ ಹೋಗುವ ಹೆದ್ದಾರಿ 50 ಹುಮನಾಬಾದಿನಲ್ಲಿ ಅದನ್ನು ಕೂಡುತ್ತದೆ. ಹಗಲು ರಾತ್ರಿ ಲಾರಿ ನಿಲ್ಲುವುದಿಲ್ಲ. ನಮ್ಮ ಹಾಲು ಹೊರಡುವುದು ನಸುಕಿನಲ್ಲಿ ಮತ್ತು ದೀಪ ಹಚ್ಚುವ ಹೊತ್ತಿನಲ್ಲಿ. ಕಣ್ಣಿಗೆ ಸರಿಯಾಗಿ ಕಾಣದ ಹೊತ್ತು ಅದು. ಕಬ್ಬು ಕಟಾವಿನ ದಿನಗಳಲ್ಲಿ ಹಿಂದೆ ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಅದೇ ಹೊತ್ತಿನಲ್ಲಿ ರಸ್ತೆಗೆ ಇಳಿಯುತ್ತವೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44 ಮಂದಿಗೂ ಹೆಚ್ಚು ದ್ವಿಚಕ್ರ ವಾಹನದ ಮೇಲಿದ್ದವರು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಪಕ್ಕದ ಚಿಟಗುಪ್ಪ ತಾಲ್ಲೂಕಿನ ಬೇಮಳಖೇಡಾ ಹತ್ತಿರ ಆಟೋಗೂ ಲಾರಿಗೂ ಡಿಕ್ಕಿಯಾಗಿ ಕೂಲಿ ಮುಗಿಸಿ ಮನೆಗೆ ಹೊರಟಿದ್ದ ಏಳು ಹೆಣ್ಣುಮಕ್ಕಳು ಸತ್ತದ್ದನ್ನು ಯಾರೂ ಮರೆತಿಲ್ಲ. ರಸ್ತೆಯ ಅಪಾಯ ಗಂಡಸರದ್ದು ಮಾತ್ರ ಅಲ್ಲ. ಹಾಗಿದ್ದ ಮೇಲೆ ಯಾವ ಗಾಡಿ ಎಂಬ ಮಾತೂ ಅವರದ್ದು ಮಾತ್ರ ಆಗಬಾರದು.

ಅವಸರ ಬೇಡ

ಕಾಲಿನ ದೊಡ್ಡ ಎಲುಬು ಮುರಿದರೆ ಕೂಡಿಕೊಳ್ಳಲು ಸಾಮಾನ್ಯವಾಗಿ ಮೂರು ತಿಂಗಳಾದರೂ ಬೇಕು. ಕೆಲವರಿಗೆ ಇನ್ನೂ ಹೆಚ್ಚು. ಮೊಣಕಾಲು ಎಷ್ಟು ಮಡಚುತ್ತದೆ, ಪಾದ ಎಷ್ಟು ಭಾರ ತಡೆಯುತ್ತದೆ ಎಂಬುದು ಆಮೇಲೆ ತಿಳಿಯುತ್ತದೆ. ಮೈ ಹೇಗೆ ಕೂಡುತ್ತದೆ ಎಂದು ಗೊತ್ತಾಗುವ ಮೊದಲೇ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದರೆ, ಅವರು ನೋವು ನುಂಗಿಕೊಂಡು ಅದನ್ನು ಹತ್ತುತ್ತಾರೆ. ಇಲ್ಲವೆಂದರೆ ಗಾಡಿ ಧೂಳು ತಿನ್ನುತ್ತಾ ನಿಂತು ಕಂತು ಮಾತ್ರ ಓಡುತ್ತದೆ.

ಅಲ್ಲಿಯತನಕ ಹಾಲಿನ ಗತಿ? ಅಕ್ಕಪಕ್ಕದ ಎರಡು ಮೂರು ಮನೆಯವರು ಕೂಡಿ ಒಂದೇ ಗಾಡಿಯಲ್ಲಿ ಕಳಿಸಿ, ಪೆಟ್ರೋಲಿನ ಪಾಲು ಕೊಡಿ. ಆದರೆ ಹಾಲು ಮಾತ್ರ ಕೂಡಿಸಬೇಡಿ. ನಿಮ್ಮ ಕ್ಯಾನು ಬೇರೆ ಇರಲಿ, ಅದರ ಮೇಲೆ ನಿಮ್ಮ ಸದಸ್ಯತ್ವ ಸಂಖ್ಯೆ ಇರಲಿ. ಫ್ಯಾಟ್, ಎಸ್‌ಎನ್‌ಎಫ್ ಒಬ್ಬೊಬ್ಬರದ್ದು ಒಂದೊಂದು ಇರುತ್ತದೆ, ಬಟವಾಡೆಯೂ ಅದರ ಮೇಲೆಯೇ. ಕೂಡಿಸಿದರೆ ನಾಳೆ ಜಗಳ, ನಾಡಿದ್ದು ಸಹಾಯವೂ ನಿಲ್ಲುತ್ತದೆ.

ಈ ತಿಂಗಳುಗಳಲ್ಲಿ ಶೋರೂಮಿಗಿಂತ ಮೊದಲು ಮುಗಿಸಬೇಕಾದ ಓಡಾಟ ಬೇರೆ ಇದೆ. ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಆಗಿದೆಯೇ ನೋಡಿ, ಪ್ರತಿ ಇಟ್ಟುಕೊಳ್ಳಿ. ಆಸ್ಪತ್ರೆಯ ಒಂದು ಚೀಟಿಯನ್ನೂ ಬಿಸಾಡಬೇಡಿ. 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ, ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ ಸಿಗುತ್ತದೆ. ಗುದ್ದಿದ ವಾಹನ ಸಿಕ್ಕಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆರು ತಿಂಗಳ ಒಳಗೆ ಹಾಕುವುದು ಕ್ಷೇಮ. ಗುದ್ದಿ ಓಡಿಹೋದ ವಾಹನ ಯಾವುದೆಂದು ಗೊತ್ತಾಗದಿದ್ದರೂ, ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಾದರೆ ಎರಡು ಲಕ್ಷ ರೂಪಾಯಿ ಪರಿಹಾರ 2022ರ ಏಪ್ರಿಲಿನಿಂದ ಇದೆ. ಅದರ ಅರ್ಜಿಗೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.

ಮುರಿದ ಗಾಡಿಯನ್ನೂ ಅವಸರದಲ್ಲಿ ಗುಜರಿಗೆ ಹಾಕಬೇಡಿ. ಅದಕ್ಕೆ ಪೂರ್ಣ ವಿಮೆ ಇದ್ದರೆ ಮೊದಲು ಕಂಪನಿಗೆ ತಿಳಿಸಿ, ಸರ್ವೇಯರ್ ನೋಡಿದ ಮೇಲೆಯೇ ರಿಪೇರಿ. ರಿಪೇರಿ ಖರ್ಚು ವಿಮೆಯಲ್ಲಿ ಬರೆದ ಗಾಡಿಯ ಬೆಲೆಯ ನೂರಕ್ಕೆ 75 ಭಾಗ ಮೀರಿದರೆ ಅದನ್ನು ಪೂರ್ತಿ ನಷ್ಟ ಎಂದು ಎಣಿಸುತ್ತಾರೆ. ಆ ಹಣ ಹೊಸ ಗಾಡಿಯ ಮುಂಗಡಕ್ಕೆ ಆಗುತ್ತದೆ. ಯಾರಿಗಾದರೂ ಮಾರಿದರೆ ಆರ್‌ಸಿ ಅವರ ಹೆಸರಿಗೆ ಆಗುವವರೆಗೆ ಬಿಡಬೇಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನೀವು ಮಾರಿದ ಗಾಡಿ ಮತ್ತೊಬ್ಬರನ್ನು ಗುದ್ದಿದರೆ ನೋಟಿಸು ನಿಮ್ಮ ಮನೆಗೆ ಬರುತ್ತದೆ.

ಮೈಗೆ ತಕ್ಕ ಗಾಡಿ

ಬೈಕಿನಲ್ಲಿ ಗೇರು ಎಡಗಾಲಿಗೆ, ಹಿಂದಿನ ಬ್ರೇಕು ಬಲಗಾಲಿಗೆ, ಕ್ಲಚ್ಚು ಎಡಗೈಗೆ, ಮುಂದಿನ ಬ್ರೇಕು ಬಲಗೈಗೆ. ಎಡಗಾಲಿಗೆ ಪೆಟ್ಟಾದವರಿಗೆ ಪ್ರತಿ ಉಬ್ಬು, ಪ್ರತಿ ತಿರುವಿನಲ್ಲಿ ಗೇರು ಹಾಕುವುದೇ ಕಷ್ಟ. ಬಲಗಾಲಿನ ಮೊಣಕಾಲು ಮಡಚದಿದ್ದರೆ ಬ್ರೇಕು ಒತ್ತುವುದು ತಡವಾಗುತ್ತದೆ. ಆ ತಡವೇ ಮತ್ತೊಂದು ಅಪಘಾತ. ಎಡ ಮಣಿಕಟ್ಟು ಮುರಿದಿದ್ದರೆ ಕ್ಲಚ್ಚು ಹಿಡಿಯುವುದು ನೋವು. ಕಾಲಿಗೆ ಪೆಟ್ಟಾಗಿದ್ದರೆ ಗೇರಿಲ್ಲದ ಸ್ಕೂಟರು ನೋಡಬೇಕು. ಅದರಲ್ಲಿ ಎರಡೂ ಬ್ರೇಕು ಕೈಯಲ್ಲಿರುತ್ತವೆ, ಹತ್ತುವಾಗ ಕಾಲನ್ನು ಮೇಲೆತ್ತಿ ಹಾಕಬೇಕಿಲ್ಲ. ಸೆಲ್ಫ್ ಸ್ಟಾರ್ಟ್ ಇರಲೇಬೇಕು.

ಡಾಕ್ಟರನ್ನು ಕೇಳುವಾಗ "ಗಾಡಿ ಓಡಿಸಬಹುದೇ" ಎಂದಷ್ಟೇ ಕೇಳಬೇಡಿ. "ಇಪ್ಪತ್ತು ಲೀಟರ್ ಹಾಲು ಕಟ್ಟಿಕೊಂಡು ಓಡಿಸಬಹುದೇ, ಗಾಡಿ ವಾಲಿದರೆ ಈ ಕಾಲು ತಡೆಯುತ್ತದೆಯೇ" ಎಂದು ಕೇಳಿ. ಉತ್ತರ ಬೇರೆಯೇ ಬರಬಹುದು.

ಇಲ್ಲಿ ಒಂದು ಎದುರು ಮಾತಿದೆ, ಅದನ್ನು ತಳ್ಳಿಹಾಕುವಂತಿಲ್ಲ. "ಬಿದ್ದು ಎದ್ದವರ ಮನಸ್ಸು ಮೊದಲೇ ಕುಗ್ಗಿರುತ್ತದೆ. ಅವರಿಗೆ ಅದೇ ಬೈಕು ಬೇಕು. ಸ್ಕೂಟರು ಕೊಡಿಸಿದರೆ ತಾನು ಮೊದಲಿನಂತಿಲ್ಲ ಎಂದು ಊರಿಗೆ ಸಾರಿದಂತೆ ಆಗುತ್ತದೆ" ಎನ್ನುತ್ತಾರೆ. ಮಾತು ನಿಜ. ಹಾಸಿಗೆಯಲ್ಲಿ ಬಿದ್ದ ಗಂಡಸಿಗೆ ಗಾಡಿ ಎಂದರೆ ಬರೀ ಗಾಡಿ ಅಲ್ಲ. ಹಾಗೆಂದು ಅವರನ್ನು ಸಮಾಧಾನ ಮಾಡಲು ಅವರ ಕಾಲಿಗೆ ಆಗದ ಗಾಡಿ ತರುವುದು ಪ್ರೀತಿಯಲ್ಲ. ಅವರನ್ನೇ ಕರೆದುಕೊಂಡು ಹೋಗಿ, ಎರಡೂ ಬಗೆಯ ಗಾಡಿಯ ಮೇಲೆ ಕೂರಿಸಿ ನೋಡಿ. ಬಾಯಿ ಹೇಳದ್ದನ್ನು ಕಾಲು ಹೇಳುತ್ತದೆ. ಇನ್ನು ಕೆಲವರು "ಇನ್ನು ಮನೆಗೆ ಗಾಡಿಯೇ ಬೇಡ" ಎಂದು ಆಣೆ ಹಾಕುತ್ತಾರೆ. ಆ ಭಯವೂ ನ್ಯಾಯವೇ. ಆದರೆ ಗಾಡಿ ಇಲ್ಲದೆ ಡೇರಿ ದೂರವಾದರೆ ಮುಂದಿನ ಮಾತು ಎಮ್ಮೆ ಮಾರುವುದು. ಅಲ್ಲಿಗೆ ಹೋಗಬಾರದು.

ಹಾಲಿಗೆ ತಕ್ಕ ಗಾಡಿ

ಒಂದು ಲೀಟರ್ ಹಾಲು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚೇ ತೂಗುತ್ತದೆ. 20 ಲೀಟರ್ ಎಂದರೆ ಇಪ್ಪತ್ತೂವರೆ ಕಿಲೋ, ಕ್ಯಾನಿನ ತೂಕ ಬೇರೆ. ಅದನ್ನು ಒಂದೇ ಬದಿಗೆ ತೂಗುಹಾಕಿದರೆ ಗಾಡಿ ಆ ಕಡೆಗೇ ಎಳೆಯುತ್ತದೆ. ಹ್ಯಾಂಡಲಿಗೆ ಹಾಕಿದರೆ ತಿರುಗಿಸುವಾಗ ಕೈ ತಪ್ಪುತ್ತದೆ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ಕುಲುಕಿ ತಿರುವಿನಲ್ಲಿ ಗಾಡಿಯನ್ನು ತಳ್ಳುತ್ತದೆ. ಒಂದು ದೊಡ್ಡ ಕ್ಯಾನಿಗಿಂತ ಎರಡು ಚಿಕ್ಕ ಕ್ಯಾನು, ಎರಡೂ ಬದಿಗೆ ಸಮತೂಕದಲ್ಲಿ, ಆದಷ್ಟು ಕೆಳಗೆ ಕಟ್ಟುವುದು ಒಳ್ಳೆಯದು. ಆರಿಸುವ ಗಾಡಿಗೆ ಅಂಥ ಕ್ಯಾರಿಯರ್ ಕೂಡುತ್ತದೆಯೇ ಎಂದು ಮೊದಲೇ ಕೇಳಿ.

ನಮ್ಮ ಕಡೆ ಮೂರು ಬಗೆಯ ಗಾಡಿ ಕಾಣುತ್ತವೆ. ಸ್ಪ್ಲೆಂಡರಿನಂಥ 100 ಸಿಸಿ ಬೈಕು ಸುಮಾರು 110 ಕಿಲೋ ತೂಗುತ್ತದೆ. ಚಕ್ರ ದೊಡ್ಡದು, ಮಳೆಗಾಲದ ಎರೆಮಣ್ಣಿನ ದಾರಿಗೆ, ತಗ್ಗಿನ ರಸ್ತೆಗೆ ತಡೆಯುತ್ತದೆ. ಆದರೆ ಗೇರು, ಕ್ಲಚ್ಚು, ಕಾಲು ಬ್ರೇಕು ಎಲ್ಲ ಬರುತ್ತವೆ. ಆಕ್ಟಿವಾದಂಥ ಸ್ಕೂಟರು ತೂಕದಲ್ಲಿ ಹೆಚ್ಚುಕಡಿಮೆ ಅಷ್ಟೇ. ಗೇರಿಲ್ಲ, ಕಾಲಿಡುವ ಜಾಗದಲ್ಲಿ ಹಿಂಡಿಯ ಸಣ್ಣ ಚೀಲ ಇಡಬಹುದು, ಸೀರೆ ಉಟ್ಟವರೂ ಓಡಿಸಬಹುದು. ಆದರೆ ಚಕ್ರ ಚಿಕ್ಕದು, ಕೆಸರಿಗೆ, ತಗ್ಗಿಗೆ ಸೋಲುತ್ತದೆ. ಎಕ್ಸ್‌ಎಲ್ 100ರಂಥ ಮೊಪೆಡ್ಡು ಎಲ್ಲಕ್ಕಿಂತ ಹಗುರ, 90 ಕಿಲೋದ ಒಳಗೆ. ಗೇರಿಲ್ಲ, ಸಾಮಾನಿಗೆ ಜಾಗವಿದೆ, ಬಿದ್ದರೆ ಒಬ್ಬರೇ ಎತ್ತಬಹುದು. ಆದರೆ ಹೆದ್ದಾರಿಯ ಲಾರಿಗಳ ನಡುವೆ ಅದರ ವೇಗ ಸಾಲದು.

ಹಾಗಾಗಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಿಮ್ಮ ಮನೆಯಿಂದ ಡೇರಿಗೆ ಇರುವ ದಾರಿಯೇ ಉತ್ತರ. ಡಾಂಬರು ದಾರಿಯಲ್ಲಿ ಎರಡು ಕಿಲೋಮೀಟರಾದರೆ ಸ್ಕೂಟರು ಸಾಕು. ಹೊಲದ ಕಚ್ಚಾ ದಾರಿ, ಹೆದ್ದಾರಿ ದಾಟುವ ಕೆಲಸವಿಲ್ಲ ಎಂದರೆ ಮೊಪೆಡ್ಡು. ಕಾಲು ಪೂರ್ತಿ ವಾಸಿಯಾಗಿದ್ದು, ದೂರದ ಕೆಟ್ಟ ದಾರಿ ಇದ್ದರೆ ಮಾತ್ರ ಬೈಕು. 150, 160 ಸಿಸಿಯ ಭಾರದ ಗಾಡಿ ಹಾಲಿನ ಕೆಲಸಕ್ಕೆ ಬೇಕಿಲ್ಲ. ಅದು ಮಗನ ಆಸೆ ಇರಬಹುದು. ಮಗನ ಆಸೆಗೆ ತಪ್ಪೇನಿಲ್ಲ, ಆದರೆ ಅದಕ್ಕೆ ಹಾಲಿನ ಹೆಸರು ಹೇಳಬಾರದು.

ಬ್ರೇಕಿನ ಮಾತು ಕಡ್ಡಾಯವಾಗಿ ಕೇಳಿ. 2019ರ ಏಪ್ರಿಲಿನಿಂದ ಮಾರುವ ಹೊಸ ದ್ವಿಚಕ್ರ ವಾಹನಗಳಲ್ಲಿ 125 ಸಿಸಿವರೆಗಿನವಕ್ಕೆ ಒಂದು ಬ್ರೇಕು ಹಿಡಿದರೆ ಎರಡೂ ಚಕ್ರಕ್ಕೆ ಹಿಡಿಯುವ ವ್ಯವಸ್ಥೆ, ಅದಕ್ಕಿಂತ ದೊಡ್ಡವಕ್ಕೆ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇರಬೇಕು. ಹಳೆಯ ಗಾಡಿ ಕೊಳ್ಳುವವರು ಅದಕ್ಕೂ ಮೊದಲಿನ ಮಾಡೆಲ್ ಆದರೆ ಇವು ಇಲ್ಲದಿರಬಹುದು ಎಂದು ತಿಳಿದೇ ಕೊಳ್ಳಿ. ಹಾಲಿನ ಭಾರ ಇದ್ದಾಗ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಜಾಲಿ ಮುಳ್ಳಿನ ದಾರಿಯಾದರೆ ಟ್ಯೂಬಿಲ್ಲದ ಟಯರು ಇರುವುದನ್ನು ನೋಡಿ, ಅದರ ಗಾಳಿ ಒಮ್ಮೆಲೇ ಇಳಿಯುವುದಿಲ್ಲ.

ನಿಮಗೆ ತಕ್ಕ ಗಾಡಿ

ಶೋರೂಮಿಗೆ ನೀವೂ ಹೋಗಿ, ದಿನಾ ಉಡುವ ಸೀರೆಯಲ್ಲೇ ಹೋಗಿ. ಗಾಡಿಯ ಮೇಲೆ ಕೂತು ಎರಡೂ ಪಾದ ನೆಲಕ್ಕೆ ಊರುತ್ತವೆಯೇ ನೋಡಿ. ಸ್ಟ್ಯಾಂಡ್ ಹಾಕಿ, ತೆಗೆಯಿರಿ. ಹಿಂದಕ್ಕೆ ದೂಡಿ ನೋಡಿ. ಹಿಂದಿನ ಸೀಟಿನಲ್ಲಿ ಕೂತು ಹಿಡಿಯಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಚಕ್ರಕ್ಕೆ ಸೀರೆ ಸಿಗದಂತೆ ಗಾರ್ಡು ಇದೆಯೇ ನೋಡಿ. ಈ ಮೂರೂ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. "ಕ್ಯಾರಿಯರಿಗೆ ಅಡ್ಡ ಬರುತ್ತದೆ" ಎಂದು ಗಾರ್ಡು ಬಿಚ್ಚಿಸಲು ಒಪ್ಪಬೇಡಿ. ಹೆಲ್ಮೆಟ್ ಎರಡು ಕೊಳ್ಳಿ, ಐಎಸ್‌ಐ ಗುರುತಿನವು. ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ.

ಓಡಿಸಲು ಕಲಿಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. "ಹೆಂಗಸರು ಕ್ಯಾನು ಕಟ್ಟಿಕೊಂಡು ಗಾಡಿ ಮೇಲೆ ಹೋದರೆ ಜನ ಏನಂದಾರು" ಎನ್ನುವವರಿದ್ದಾರೆ. ಮನೆಯವರು ಆಸ್ಪತ್ರೆಯಲ್ಲಿದ್ದ ದಿನ ಕರೆದ ಹಾಲು ಮನೆಯಲ್ಲೇ ಕೆಟ್ಟಾಗ ಆ ಜನ ಬಂದು ಬಟವಾಡೆ ತುಂಬಿಕೊಡುವುದಿಲ್ಲ. ಗೇರಿಲ್ಲದ ಗಾಡಿಗೇ ಬೇರೆ ಲೈಸೆನ್ಸ್ ಇದೆ. ಕಲಿಕಾ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ, ಮೂವತ್ತು ದಿನ ಆದ ಮೇಲೆ ಪಕ್ಕಾ ಲೈಸೆನ್ಸಿಗೆ ಪರೀಕ್ಷೆ ಕೊಡಬಹುದು. ಆರ್‌ಟಿಒ ಕಚೇರಿಗೆ ಹೋಗಿ ಬರಲು ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಹಣವೂ ಇಲ್ಲ.

ಯಾರ ಹೆಸರಿಗೆ, ಎಂಥ ವಿಮೆ

ಹೊಸ ದ್ವಿಚಕ್ರ ವಾಹನಕ್ಕೆ 2018ರ ಸೆಪ್ಟೆಂಬರಿನಿಂದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕೊಂಡ ದಿನವೇ ಕಟ್ಟಬೇಕು. ಅದು ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ, ನಿಮ್ಮವರದ್ದೇ ತಪ್ಪಿನಿಂದ ಗಾಡಿ ಬಿದ್ದಾಗ ಹಿಂದೆ ಕೂತ ನಿಮಗೆ ಆ ವಿಮೆ ಬರುವುದಿಲ್ಲ. ಪೂರ್ಣ ವಿಮೆ ಇದ್ದರೆ ಬರುತ್ತದೆ. ವರ್ಷಕ್ಕೆ ಸ್ವಲ್ಪ ಹೆಚ್ಚು ಹಣ ಕೇಳುತ್ತದೆ ಎಂದು ಗಂಡಸರು ಬೇಡ ಎನ್ನುವುದು ಇದನ್ನೇ. ಹಿಂದಿನ ಸೀಟಿನವರಾಗಿ ನೀವು ಬೇಕು ಎನ್ನಿ.

ಜೊತೆಗೆ ಮಾಲೀಕರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆ. ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ ಅದು ಕೊಡುತ್ತದೆ. ಆದರೆ ಆರ್‌ಸಿಯಲ್ಲಿ ಹೆಸರಿದ್ದು, ಲೈಸೆನ್ಸ್ ಇದ್ದವರಿಗೆ ಮಾತ್ರ. ಗಾಡಿ ಮಾವನವರ ಹೆಸರಿನಲ್ಲಿದ್ದು ಓಡಿಸುವವರು ಮಗ ಆದರೆ ಮಗನಿಗೆ ಅದು ಸಿಗದು. ಆದ್ದರಿಂದ ಹಿರಿಯರ ಹೆಸರು, ಶುಭದ ಹೆಸರು ಎಂದು ನೋಡದೆ, ದಿನಾ ಓಡಿಸುವವರ ಹೆಸರಿಗೇ ಮಾಡಿಸಿ. ನೀವೇ ಓಡಿಸುವುದಾದರೆ ನಿಮ್ಮ ಹೆಸರಿಗೆ.

ಕಂತಿನ ಲೆಕ್ಕ ಹಾಲಿನಲ್ಲಿ ಮಾಡಿ

60,000 ರೂಪಾಯಿ ಸಾಲ, ಮೂರು ವರ್ಷ, ನೂರಕ್ಕೆ 12ರ "ಫ್ಲಾಟ್" ಬಡ್ಡಿ ಎಂದುಕೊಳ್ಳಿ. ಬಡ್ಡಿ 21,600. ಒಟ್ಟು 81,600, ತಿಂಗಳಿಗೆ 2,267 ರೂಪಾಯಿ. ಅಸಲು ಕಡಿಮೆಯಾಗುತ್ತಾ ಹೋದರೂ ಬಡ್ಡಿ ಕಡಿಮೆಯಾಗದ ಕಾರಣ, ಬ್ಯಾಂಕಿನ ಲೆಕ್ಕದಲ್ಲಿ ಇದು ನೂರಕ್ಕೆ ಸುಮಾರು 21 ಆಗುತ್ತದೆ. ಲೀಟರಿಗೆ 35 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 65 ಲೀಟರ್, ದಿನಕ್ಕೆ ಎರಡು ಲೀಟರಿಗೂ ಹೆಚ್ಚು ಹಾಲು ಕಂತಿಗೇ ಹೋಯಿತು. ಎಮ್ಮೆ ಬತ್ತಿದ ತಿಂಗಳೂ ಕಂತು ನಿಲ್ಲುವುದಿಲ್ಲ. ಸಹಿ ಹಾಕುವ ಮೊದಲು "ಫ್ಲಾಟಾ, ಕಡಿಮೆಯಾಗುವ ಅಸಲಿನ ಮೇಲಾ" ಎಂದು ಕೇಳಿ, ಒಟ್ಟು ಎಷ್ಟು ಕಟ್ಟಬೇಕು ಎಂದು ಬರೆಸಿಕೊಳ್ಳಿ. ಗಾಡಿಗಾಗಿ ಹಾಲು ಕೊಡುವ ದನ ಮಾತ್ರ ಮಾರಬೇಡಿ. ಹಾಲೇ ಇಲ್ಲದ ಮೇಲೆ ಗಾಡಿ ಯಾತಕ್ಕೆ?

ಹಳೆಯ ಗಾಡಿಯಾದರೂ ಆದೀತು. ಆದರೆ ನಮ್ಮದು ಗಡಿ ತಾಲ್ಲೂಕು. ಉಮರ್ಗಾ ಕಡೆಯಿಂದ, ಜಹೀರಾಬಾದ್ ಕಡೆಯಿಂದ ಕಡಿಮೆ ಬೆಲೆಗೆ ಗಾಡಿ ಬರುತ್ತವೆ. ಬೇರೆ ರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒ ಕೊಟ್ಟ ಎನ್‌ಒಸಿ ಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಕರ್ನಾಟಕದ ನಂಬರು ಮಾಡಿಸಬೇಕು, ಇಲ್ಲಿನ ತೆರಿಗೆಯೂ ಬೀಳುತ್ತದೆ. ಆ ಖರ್ಚು ಕೂಡಿಸಿದ ಮೇಲೆ ಅಗ್ಗವೋ ಅಲ್ಲವೋ ನೋಡಿ. ಬಿದ್ದ ಗಾಡಿಯನ್ನು ಬಣ್ಣ ಹೊಡೆದು ಮಾರುವುದೂ ಉಂಟು. ನಂಬಿಕೆಯ ಮೆಕ್ಯಾನಿಕ್ಕಿಗೆ ಚಾಸಿ, ಮುಂದಿನ ಫೋರ್ಕ್ ಸೊಟ್ಟಗಾಗಿದೆಯೇ ತೋರಿಸಿ.

ಸಂಘದ ಸಭೆಯಲ್ಲಿ ಮಾತೆತ್ತಿ

ಇದು ಒಂದೊಂದು ಮನೆ ಒಂಟಿಯಾಗಿ ಹೊರುವ ಭಾರ ಆಗಬೇಕಿಲ್ಲ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಮೂರು ಮಾತು ಎತ್ತಿ. ಯಾರ ಮನೆಯಲ್ಲಿ ಅಪಘಾತವಾದರೂ ಮೂರು ತಿಂಗಳು ಅವರ ಹಾಲನ್ನು ಸರದಿಯ ಮೇಲೆ ತರುವ ಏರ್ಪಾಡು. ಹತ್ತು ಹದಿನೈದು ಸದಸ್ಯೆಯರು ಕೂಡಿ ಒಂದೇ ದಿನ ಕಲಿಕಾ ಲೈಸೆನ್ಸಿಗೆ ಹೋಗುವುದು. ಹೆಲ್ಮೆಟ್ ಒಟ್ಟಿಗೆ ಕೊಳ್ಳುವುದು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಠರಾವು ಸಾಕು.

ದನ ಕೊಳ್ಳುವಾಗ ನೀವು ಹಲ್ಲು ನೋಡುತ್ತೀರಿ, ಕೆಚ್ಚಲು ನೋಡುತ್ತೀರಿ, ಎರಡು ಹೊತ್ತು ಕರೆದು ನೋಡಿ ಬೆಲೆ ಕಟ್ಟುತ್ತೀರಿ. ದೇವಣಿ ಆಕಳಿನ ನಡಿಗೆ ನೋಡಿಯೇ ಗುಣ ಹೇಳುವವರು ನಮ್ಮಲ್ಲಿದ್ದಾರೆ. ಅಷ್ಟು ಬಲ್ಲ ನೀವು ಗಾಡಿಯ ಮಾತು ಬಂದಾಗ ಅಡುಗೆಮನೆಗೆ ಸರಿಯಬೇಡಿ. ಮನೆಯವರ ಕಾಲೂ, ಮನೆಯ ಹಾಲೂ ಎರಡೂ ಆ ಗಾಡಿಯ ಮೇಲಿವೆ. ಕೂತು ಮಾತಾಡಿ, ಹೋಗಿ ನೋಡಿ, ಆಮೇಲೆ ಕೊಳ್ಳಿ.